ಹಳೆಯ ಆಡಿ ಟಿಟಿಯೋ, ಹಳೆಯ ಫಾರ್ಚೂನರೋ: ಕೊಳ್ಳುವ ಮೊದಲು ಎರಡನ್ನೂ ತೂಗಿ ನೋಡುವ ಬಗೆ

ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಅಕ್ಕನ ಮಗ ಎರಡು ಫೋಟೊ ಕಳಿಸಿದ. ಒಂದು 2012ರ ಬಿಳಿ ಆಡಿ ಟಿಟಿ ಕೂಪೆ. ಇನ್ನೊಂದು 2011ರ ಬೆಳ್ಳಿ ಬಣ್ಣದ ಟೊಯೊಟಾ ಫಾರ್ಚೂನರ್, 3 ಲೀಟರ್ ಡೀಸೆಲ್, ಫೋರ್ ಬೈ ಫೋರ್. ಕೆಳಗೆ ಒಂದೇ ಸಾಲು: "ಮಾವ, ರೇಟು ಹೆಚ್ಚುಕಮ್ಮಿ ಒಂದೇ. ಯಾವುದು ತಗೊಳ್ಲಿ?" ಅವನ ಕೆಲಸ ವೈಟ್‌ಫೀಲ್ಡ್‌ನಲ್ಲಿ. ಅಕ್ಕ, ಭಾವ ಇರುವುದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ತೋಟದಲ್ಲಿ. ತಿಂಗಳಿಗೆ ಎರಡು ಸಲವಾದರೂ ಅವನು ಊರಿಗೆ ಹೋಗಿ ಬರುತ್ತಾನೆ.

ಇವೆರಡನ್ನು ಹೋಲಿಸುವುದೇ ತಪ್ಪು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೈಯಲ್ಲಿರುವ ದುಡ್ಡು ಒಂದೇ, ಮನೆ ಮುಂದಿನ ಜಾಗ ಒಂದೇ ಗಾಡಿಗೆ, ಆಸೆ ಮಾತ್ರ ಎರಡು ಕಡೆಗೆ ಎಳೆಯುತ್ತದೆ. ಹಾಗಿರುವಾಗ ಹೋಲಿಸದೆ ಗತಿಯಿಲ್ಲ. ಆದರೆ ಕಂಪನಿ ಕೊಟ್ಟ ಅಂಕಿಅಂಶಗಳನ್ನು ಅಕ್ಕಪಕ್ಕ ಇಟ್ಟರೆ ಉತ್ತರ ಸಿಗುವುದಿಲ್ಲ. ಈ ಟಿಟಿಯ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 350 ಎನ್‌ಎಂ, ಆ ಫಾರ್ಚೂನರ್‌ದು 343. ಕಾಗದದ ಮೇಲೆ ಅವಳಿ ಜವಳಿ. ಆದರೆ ಒಂದು ತನ್ನ ಸುಮಾರು 1,400 ಕೆ.ಜಿ. ತೂಕ ಎಳೆಯುತ್ತದೆ, ಇನ್ನೊಂದು 2 ಟನ್‌ಗೆ ಹತ್ತಿರ. ಒಂದು ಆರು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ. ಇನ್ನೊಂದು ಮಳೆಗಾಲದಲ್ಲಿ ಕೆಸರಿನ ಏರನ್ನು ಗೊಣಗದೆ ಹತ್ತುತ್ತದೆ. ಅವನಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಯಾವ ಕೂಪೆ, ಯಾವ ಹಳೆಯ ಎಸ್‌ಯುವಿಗಾದರೂ ಇದೇ ಕ್ರಮ ನಡೆಯುತ್ತದೆ.

ಹಂತ 1: ಗಾಡಿಗಿಂತ ಮೊದಲು ದಾರಿ ನೋಡಿ

ಬೆಂಗಳೂರಿನಿಂದ ಹಾಸನದವರೆಗಿನ ಹೆದ್ದಾರಿಯಲ್ಲಿ ಯಾವ ಗಾಡಿಯಾದರೂ ಚೆನ್ನಾಗಿ ಹೋಗುತ್ತದೆ. ತೀರ್ಮಾನವಾಗುವುದು ಕೊನೆಯ ಎರಡು ಕಿಲೋಮೀಟರ್‌ನಲ್ಲಿ. ನೀವು ವಾರಾವಾರ ಓಡಾಡುವ ದಾರಿಯ ಅತಿ ಕೆಟ್ಟ ಜಾಗ ಯಾವುದು? ಅಲ್ಲಿಗೆ ಟೇಪು ಹಿಡಿದು ಹೋಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರವಾಗಿ, ಬಾಗಿದ ಬೆನ್ನಿನ ಹಾಗೆ ಇರಬೇಕು. ನಮ್ಮ ಹಳ್ಳಿ, ಬಡಾವಣೆಗಳಲ್ಲಿ ಅರ್ಧ ಮೀಟರ್ ಅಗಲದ ಸಿಮೆಂಟ್ ಕಟ್ಟೆಗಳೇ ಹೆಚ್ಚು. ಟಿಟಿಯಂಥ ಗಾಡಿಯ ಹೊಟ್ಟೆ ಉಜ್ಜುವುದು ಅಂಥ ಕಡೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಮುಗಿದು ನೆಲ ಸೇರುವ ಮೂಲೆಯನ್ನೂ ನೋಡಿ. ಮುಂದಿನ ಬಂಪರ್ ಮೊದಲು ತಗಲುವುದು ಅಲ್ಲಿಯೇ.

ಫಾರ್ಚೂನರ್ ನೆಲದಿಂದ 220 ಮಿ.ಮೀ. ಎತ್ತರದಲ್ಲಿದೆ. ಅದಕ್ಕೆ ಈ ಚಿಂತೆ ಇಲ್ಲ. ಅದರ ಚಿಂತೆ ಜಾಗದ್ದು. ಹಳೆಯ ಬಡಾವಣೆಯ ಕಿರಿದಾದ ಗೇಟು, ಕಂಬದ ಪಕ್ಕದ ಪಾರ್ಕಿಂಗ್, ಎರಡೂ ಕಡೆ ಬೈಕು ನಿಲ್ಲಿಸಿದ ಗಲ್ಲಿ ಇವೆಲ್ಲ ಅಳತೆಗೆ ಬರಬೇಕು.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. "ಟಿಟಿಯಲ್ಲೂ ಕ್ವಾಟ್ರೊ ಇದೆಯಲ್ಲ, ನಾಲ್ಕೂ ಚಕ್ರ ತಿರುಗುತ್ತವಲ್ಲ" ಎಂದು ಹುಡುಗ ವಾದ ಮಾಡಿದ. ಟಿಟಿಯಲ್ಲಿರುವುದು ಹಾಲ್ಡೆಕ್ಸ್ ಕ್ಲಚ್. ಮುಂದಿನ ಚಕ್ರ ಜಾರಿದಾಗ ಅಥವಾ ಜಾರುವ ಹಾಗಿದ್ದಾಗ ಹಿಂದಿನ ಚಕ್ರಕ್ಕೆ ಬಲ ಹಂಚುವ ಏರ್ಪಾಡು. ಮಳೆಯಲ್ಲಿ ಒದ್ದೆಯಾದ ಘಾಟಿಯ ತಿರುವಿನಲ್ಲಿ ಅದು ಅಮೂಲ್ಯ. ಆದರೆ ಅದರಲ್ಲಿ ಲೋ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇಲ್ಲ, ನೆಲದಿಂದ ಎತ್ತರವೂ ಇಲ್ಲ. ಫಾರ್ಚೂನರ್‌ನ ಫೋರ್ ಬೈ ಫೋರ್ ಸದಾ ನಾಲ್ಕೂ ಚಕ್ರಕ್ಕೆ ಬಲ ಕೊಡುತ್ತದೆ, ಹಿಂದುಮುಂದಿನ ಚಕ್ರಗಳಿಗೆ ಬಲ ಹಂಚುವ ನಡುವಿನ ಡಿಫರೆನ್ಶಿಯಲ್ (ಗೇರು ಪೆಟ್ಟಿಗೆ) ಲಾಕ್ ಆಗುತ್ತದೆ, ಬೇರೆ ಲೋ ಗೇರ್ ಇದೆ. ಹೆಸರು ಒಂದೇ ಥರ ಕೇಳಿಸಿದರೂ ಇವೆರಡರ ಕೆಲಸ ಬೇರೆ.

ಹಂತ 2: ಮೊದಲ ವರ್ಷದ ದುಡ್ಡನ್ನು ಪಕ್ಕಕ್ಕೆ ಎತ್ತಿಡಿ

ಹೊಸದಾಗಿದ್ದಾಗ ಟಿಟಿಯ ಬೆಲೆ ಫಾರ್ಚೂನರ್‌ನ ಎರಡು ಪಟ್ಟಿಗೂ ಹೆಚ್ಚಿತ್ತು. ಇಂದು ಎರಡೂ ಒಂದೇ ರೇಟಿಗೆ ಸಿಗುತ್ತವೆ ಎಂದರೆ ಗಾಡಿಯ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಟಿಟಿ ಪೂರ್ತಿಯಾಗಿ ಹೊರದೇಶದಿಂದ ಬಂದ ಗಾಡಿ, 2023ರಲ್ಲಿ ಅದರ ತಯಾರಿಕೆಯೇ ನಿಂತಿತು. ಫಾರ್ಚೂನರ್ ತಯಾರಾದದ್ದು ನಮ್ಮ ಬಿಡದಿಯಲ್ಲಿ. ಇನ್ನೋವಾ ಗೊತ್ತಿರುವ ಮೆಕ್ಯಾನಿಕ್‌ಗೆ ಫಾರ್ಚೂನರ್ ಅಪರಿಚಿತವಲ್ಲ, ಹಾಸನದಲ್ಲಾಗಲಿ ಪುತ್ತೂರಿನಲ್ಲಾಗಲಿ ಸಾಮಾನು ಸಿಗುತ್ತದೆ.

ನನ್ನ ಲೆಕ್ಕ ಇದು: ಒಟ್ಟು 12 ಲಕ್ಷ ಇದ್ದರೆ ಟಿಟಿಗೆ 9ರ ಮೇಲೆ ಕೊಡಬೇಡಿ, ಫಾರ್ಚೂನರ್‌ಗೆ 10ರ ಮೇಲೆ ಕೊಡಬೇಡಿ. ಉಳಿದದ್ದು ಟೈರು, ಆಯಿಲ್, ಬೆಲ್ಟ್, ಇನ್ಶೂರೆನ್ಸ್, ಆರ್‌ಟಿಒ ಖರ್ಚಿಗೆ. ಇಡೀ ದುಡ್ಡನ್ನು ಗಾಡಿಗೇ ಸುರಿದವರು ಆರು ತಿಂಗಳಿಗೇ ಅದನ್ನು ಮಾರಲು ಇಟ್ಟದ್ದನ್ನು ಕಂಡು ನನಗೆ ನಿಜಕ್ಕೂ ಬೇಸರವಾಗಿದೆ. ಗಾಡಿ ಕೆಟ್ಟದ್ದಾಗಿರಲಿಲ್ಲ, ಅದನ್ನು ನೋಡಿಕೊಳ್ಳಲು ಕೈಯಲ್ಲಿ ಏನೂ ಉಳಿದಿರಲಿಲ್ಲ ಅಷ್ಟೇ.

ಮೈಲೇಜ್ ನೋಡಿ ಇವೆರಡರಲ್ಲಿ ಆಯ್ಕೆ ಮಾಡಲು ಹೋಗಬೇಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡೂ ಕುಡಿಯುತ್ತವೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ಒಂದೇ: 1,500 ಸಿಸಿ ದಾಟಿದ ಖಾಸಗಿ ಕಾರಿಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 7,897 ರೂಪಾಯಿ, ಜಿಎಸ್‌ಟಿ ಬೇರೆ. ಇಷ್ಟು ಹಳೆಯ ಗಾಡಿಗೆ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ಇನ್ಶೂರೆನ್ಸ್) ಸಾಮಾನ್ಯವಾಗಿ ಸಿಗುವುದಿಲ್ಲ. ಟಿಟಿಯ ಒಂದು ಹೆಡ್‌ಲೈಟ್ ಒಡೆದರೂ ಅದರಲ್ಲಿ ದೊಡ್ಡ ಪಾಲು ನಿಮ್ಮ ಜೇಬಿನದು.

ಹಂತ 3: ಗಾಡಿಗಿಂತ ಮೊದಲು ಕಾಗದ

ನಂಬರ್ ಕೇಳಿ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ಎಲ್ಲ ಕಾಣುತ್ತದೆ. ಬಾಕಿ ಉಳಿದ ಟ್ರಾಫಿಕ್ ದಂಡವನ್ನೂ ನೋಡಿಕೊಳ್ಳಿ.

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒದಲ್ಲಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ ಕಾರಿಗೆ 5,000 ರೂಪಾಯಿಗೆ ಏರಿತು, ಜೊತೆಗೆ ಹಸಿರು ತೆರಿಗೆಯೂ ಇದೆ. ಫಾರ್ಚೂನರ್ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 2009ರ ಆಗಸ್ಟ್‌ನಲ್ಲಿ. ಅಂದರೆ ಮೊದಮೊದಲ ಗಾಡಿಗಳೆಲ್ಲ ಈಗ ಈ ಗಡಿ ದಾಟಿವೆ. ಇದು ಚೌಕಾಸಿಗೆ ಒಳ್ಳೆಯ ಸಮಯ: "ನವೀಕರಣ ಮಾಡಿಸಿ ಕೊಡಿ, ಆಮೇಲೆ ಪೂರ್ತಿ ದುಡ್ಡು" ಎನ್ನಿ. ಗಾಡಿಯ ಸ್ಥಿತಿ ನೆಟ್ಟಗಿಲ್ಲದಿದ್ದರೆ ಮಾರುವವರು ಅಲ್ಲಿಯೇ ತಡವರಿಸುತ್ತಾರೆ.

ಹೊರರಾಜ್ಯದ ಗಾಡಿಯಾದರೆ ಎರಡು ಪಟ್ಟು ಎಚ್ಚರ ಬೇಕು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಎಸ್‌ಯುವಿಗಳು ದಕ್ಷಿಣಕ್ಕೆ ಅಗ್ಗವಾಗಿ ಬಂದವು. ಕೂಪೆಗಳಲ್ಲಿ ಪುದುಚೇರಿ ನಂಬರಿನವು ಸಾಕಷ್ಟು ಸಿಗುತ್ತವೆ. ಹಳೆಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತಂದು, 12 ತಿಂಗಳೊಳಗೆ ಕರ್ನಾಟಕದ ನಂಬರ್ ಮಾಡಿಸಿ, ಗಾಡಿಯ ವಯಸ್ಸಿಗೆ ತಕ್ಕ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ಲೆಕ್ಕ ಹಾಕುವುದು ಗಾಡಿಯ ಮೂಲ ಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. 20 ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದ ಮೂಲ ದರವೇ ಶೇ. 18. ಟಿಟಿಯ ವಿಷಯದಲ್ಲಿ ಇದು ದೊಡ್ಡ ಮೊತ್ತ. ಅದನ್ನು ಆರ್‌ಟಿಒದಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಗಾಡಿಗೆ ಬೆಲೆ ಹೇಳಿ.

ಹಂತ 4: ಟಿಟಿಯನ್ನು ಪರೀಕ್ಷಿಸುವುದು

ಬೆಳಗ್ಗೆ ಏಳಕ್ಕೆ ಹೋಗಿ. ಮಾತು ಆರಂಭಿಸುವ ಮೊದಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಎಂಜಿನ್ ಓಡಿಸಿದ್ದಾರೆ. ನನಗೆ ಒಮ್ಮೆ ಹೀಗೆ ಆಗಿದೆ; ಮಾರುವವರು "ಈಗಷ್ಟೇ ತೊಳೆಯಲು ಹೊರಗೆ ತೆಗೆದೆ ಸರ್" ಎಂದರು. ನಾನು ಮರುದಿನ ಹೇಳದೆ ಹೋದೆ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆದ ಮೊದಲ ಮೂರು ಸೆಕೆಂಡು, ತಗಡಿನ ಡಬ್ಬಿಯಲ್ಲಿ ಕಲ್ಲು ಅಲುಗಿಸಿದ ಹಾಗೆ ಸದ್ದು ಬಂತು. ಆ ಗಾಡಿ ಬಿಟ್ಟೆ. ಈ ಕಾಲದ ಆಡಿಯ 2 ಲೀಟರ್ ಟಿಎಫ್‌ಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್‌ಗಳಲ್ಲಿ ಟೈಮಿಂಗ್ ಚೈನಿನ ಟೆನ್ಷನರ್, ಅಂದರೆ ಆ ಚೈನನ್ನು ಬಿಗಿಯಾಗಿ ಹಿಡಿದಿಡುವ ಭಾಗ, ಒಂದು ಗೊತ್ತಿರುವ ದುರ್ಬಲ ಜಾಗ. ಅದು ಬಿಟ್ಟುಕೊಟ್ಟರೆ ಚೈನ್ ಜಾರಿ ವಾಲ್ವ್‌ಗಳು ಬಾಗುತ್ತವೆ. ಸುಧಾರಿತ ಟೆನ್ಷನರ್ ಹಾಕಿಸಿದ ಬಿಲ್ ಇದ್ದರೆ ಆ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬಾನೆಟ್ ತೆರೆದಾಗ ಗುಲಾಬಿ ಬಣ್ಣದ ಒಣಗಿದ ಕಲೆ ಹುಡುಕಿ, ಸಿಹಿ ವಾಸನೆ ಬರುತ್ತದೆಯೇ ನೋಡಿ. ವಾಟರ್ ಪಂಪಿನ ಪ್ಲಾಸ್ಟಿಕ್ ಭಾಗದಿಂದ ಕೂಲೆಂಟ್ ಸೋರುತ್ತಿರುವ ಗುರುತು ಅದು. ಸಾವಿರ ಕಿಲೋಮೀಟರ್‌ಗೆ ಎಷ್ಟು ಆಯಿಲ್ ಟಾಪ್‌ಅಪ್ ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಟಿಟಿಯ ಎಸ್ ಟ್ರಾನಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರನ್ನು 60,000 ಕಿ.ಮೀ.ಗೊಮ್ಮೆ ಬದಲಿಸಬೇಕು. ಹಾಲ್ಡೆಕ್ಸಿನ ಆಯಿಲ್ ಬೇರೆ. ಹೆಚ್ಚಿನವರು ಮರೆಯುವುದು ಇದನ್ನೇ. ಬಿಲ್ ತೋರಿಸಲಾಗದಿದ್ದರೆ ಮಾಡಿಸಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ.

ಅಪಘಾತದ ಪತ್ತೆಗೆ ಮ್ಯಾಗ್ನೆಟ್ ಹಿಡಿದು ಹೋಗುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಟಿಟಿಯ ಮುಂಭಾಗ ಅಲ್ಯೂಮಿನಿಯಂ, ಬಾನೆಟ್‌ಗೆ ಮ್ಯಾಗ್ನೆಟ್ ಅಂಟುವುದೇ ಇಲ್ಲ. ಅಲ್ಯೂಮಿನಿಯಂ ಮೇಲೂ ಬಣ್ಣದ ದಪ್ಪ ಅಳೆಯಬಲ್ಲ ಪೇಂಟ್ ಗೇಜ್ ಇರುವ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ. ಸಾಧಾರಣ ಟಿಂಕರಿಂಗ್ ಅಂಗಡಿಯಲ್ಲಿ ಇದರ ಬಾನೆಟ್ ರಿಪೇರಿ ಮಾಡಿಸಿದ್ದರೆ ಅಂಚುಗಳಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ.

ಬಾಗಿಲಿನ ಹಿಡಿ ಎಳೆದಾಗ ಗಾಜು ಒಂದು ಬೆರಳಿನಷ್ಟು ಕೆಳಗಿಳಿಯಬೇಕು, ಮುಚ್ಚಿದ ಮೇಲೆ ಮೇಲೇರಿ ರಬ್ಬರಿನೊಳಗೆ ಕೂರಬೇಕು. ಈ ಬಾಗಿಲಿಗೆ ಗಾಜಿನ ಚೌಕಟ್ಟಿಲ್ಲ. ಈ ಸಣ್ಣ ಚಲನೆ ನಿಂತುಹೋಗಿದ್ದರೆ ಮಳೆನೀರು ಒಳಗೆ ಬರುತ್ತದೆ. ಹಿಂದಿನ ಸ್ಪಾಯ್ಲರ್ ಸುಮಾರು 120 ಕಿ.ಮೀ. ವೇಗದಲ್ಲಿ ತಾನೇ ಏಳುತ್ತದೆ. ನಿಂತಲ್ಲೇ ಸ್ವಿಚ್ ಒತ್ತಿ ಪರೀಕ್ಷಿಸಿ.

ಬೆಂಗಳೂರಿನ ಗಾಡಿಯಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಔಟರ್ ರಿಂಗ್ ರಸ್ತೆಯ ಸುತ್ತಮುತ್ತ ಎಷ್ಟೋ ದುಬಾರಿ ಕಾರುಗಳು ಬೇಸ್‌ಮೆಂಟಿನಲ್ಲೇ ಮುಳುಗಿದ್ದವು. ಒಳಾಂಗಣವನ್ನು ಎಷ್ಟು ಚೆನ್ನಾಗಿ ತೊಳೆದರೂ ಬೆಲ್ಟಿನ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದುಬಿಡುತ್ತದೆ.

ಕೊನೆಗೆ ವಿಸಿಡಿಎಸ್ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ಫಾಲ್ಟ್, ಅಂದರೆ ದೋಷ, ಓದುವ ಸಾಧನ) ಹಾಕಿಸಿ. ಫಾಲ್ಟ್ ದಾಖಲಾದಾಗ ಎಷ್ಟು ಕಿ.ಮೀ. ಓಡಿತ್ತು ಎನ್ನುವುದೂ ಅದರಲ್ಲಿ ಸಿಗುತ್ತದೆ. ಮೀಟರ್‌ನಲ್ಲಿ 58,000 ಇದ್ದು, ಹಳೆಯ ಫಾಲ್ಟ್ 90,000ದಲ್ಲಿ ದಾಖಲಾಗಿದ್ದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ.

ಹಂತ 5: ಫಾರ್ಚೂನರ್‌ನ ಕೆಳಗೆ ಮಲಗಿ

ಟಿಟಿಯ ಗುಟ್ಟು ಬಾನೆಟ್ ಒಳಗಿದ್ದರೆ ಫಾರ್ಚೂನರ್‌ನ ಗುಟ್ಟು ಹೊಟ್ಟೆಯ ಕೆಳಗಿದೆ. ತೋಟದ ಗಾಡಿ ನೋಡಲು ಹೋದಾಗ ಹಳೆಯ ಅಂಗಿ ಹಾಕಿಕೊಳ್ಳಿ, ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಇರಲಿ. ಚಾಸಿಯ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತುಕ್ಕು ತಿಂದಲ್ಲಿ, ಒಳಗೆ ಕೆಮ್ಮಣ್ಣು ಕೂತಲ್ಲಿ ಸದ್ದು ಮಂಕಾಗುತ್ತದೆ. ಚಾಸಿ ಟೊಳ್ಳು ಪೆಟ್ಟಿಗೆಯ ಹಾಗಿರುವುದರಿಂದ ಅದರೊಳಗೆ ಸೇರಿದ ಮಣ್ಣು ಮಳೆಗಾಲ ಪೂರ್ತಿ ತೇವ ಹಿಡಿದಿಡುತ್ತದೆ. ಹೊರಗಿನಿಂದ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ, ಏಕೆ ಬಳಿದರು ಎಂದು ಕೇಳಿ.

ಬೆಳ್ಳಿ ಬಣ್ಣದ ಆ ಫಾರ್ಚೂನರ್‌ನ ಹಿಂದಿನ ಡಿಫರೆನ್ಶಿಯಲ್‌ನ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಸಿ ಬೆರಳು ಹಾಕಿದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹಳ್ಳದ ನೀರು ಒಳಗೆ ಸೇರಿದೆ ಎಂದರ್ಥ. ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹಳೆಯ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಬದಲಿಸದೆ ಎಷ್ಟು ದಿನ ಓಡಿತ್ತೋ, ಬೇರಿಂಗ್ ಅಷ್ಟು ಸವೆದಿರುತ್ತದೆ. ಮಾರುವವರಿಗೂ ಪಾಪ ಗೊತ್ತಿರಲಿಲ್ಲ ಅನ್ನಿಸಿತು. ಅವರ ಮುಖ ಸಪ್ಪಗಾಯಿತು.

ಎಂಜಿನ್ ವಿಷಯ. ಈ 3 ಲೀಟರ್ ಡಿ-4ಡಿ ಗಟ್ಟಿಮುಟ್ಟಾದದ್ದು, ಆದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಸೀಲನ್ನು ನಿರ್ಲಕ್ಷಿಸಿದರೆ ಕ್ಷಮಿಸುವುದಿಲ್ಲ. ಸೀಲು ಸೋರಿದರೆ ಮಸಿ ಎಂಜಿನ್ ಆಯಿಲ್‌ಗೆ ಸೇರುತ್ತದೆ, ತಳದ ಜರಡಿ ಕಟ್ಟಿಕೊಳ್ಳುತ್ತದೆ, ಆಯಿಲ್ ಒತ್ತಡ ಬೀಳುತ್ತದೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಸಡಿಲಿಸಿ ಅದರ ಜಾಗದಲ್ಲೇ ಇಡಿ. ಕುಣಿದು ಬಿದ್ದರೆ, ದಟ್ಟ ಹೊಗೆ ಬಂದರೆ ಎಚ್ಚರಿಕೆ. ಸೀಲು ಯಾವಾಗ ಬದಲಿಸಿದ್ದು ಎಂದು ಕೇಳಿ.

ಟೈಮಿಂಗ್ ಬೆಲ್ಟ್ ಇನ್ನೊಂದು. ಅದರ ಅವಧಿ ಮುಗಿದಾಗ ಮೀಟರ್‌ನಲ್ಲಿ ಟಿ-ಬೆಲ್ಟ್ ದೀಪ ಹತ್ತುತ್ತದೆ. ಬೆಲ್ಟ್ ಬದಲಿಸದೆ ದೀಪವನ್ನಷ್ಟೇ ಆರಿಸಲು ಸಾಧ್ಯ ಎನ್ನುವುದು ನೆನಪಿರಲಿ. ದೀಪ ಇಲ್ಲ ಎಂಬುದು ಸಾಕ್ಷಿಯಲ್ಲ, ಬಿಲ್ ಸಾಕ್ಷಿ.

ಟೈರು ಎರಡಕ್ಕೂ ಸಮಾನ ವಿಷಯ. ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಒಂದೇ ಬ್ರ್ಯಾಂಡ್, ಹೆಚ್ಚುಕಮ್ಮಿ ಒಂದೇ ಸವೆತ ಇರಬೇಕು. ಎರಡು ಹೊಸದು, ಎರಡು ಸವೆದದ್ದು ಇದ್ದರೆ ಟಿಟಿಯ ಹಾಲ್ಡೆಕ್ಸ್ ಆಗಲಿ ಫಾರ್ಚೂನರ್‌ನ ನಡುವಿನ ಡಿಫರೆನ್ಶಿಯಲ್ ಆಗಲಿ ಸುಮ್ಮನೆ ದುಡಿದು ಸವೆಯುತ್ತವೆ.

ಹಂತ 6: ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿ

ಟೆಸ್ಟ್ ಡ್ರೈವ್ ಎಂದರೆ ಬ್ಲಾಕಿನ ಸುತ್ತ ಒಂದು ಸುತ್ತಲ್ಲ. ಕನಿಷ್ಠ 20 ಕಿ.ಮೀ. ಬೇಕು, ಅದರಲ್ಲಿ ಟ್ರಾಫಿಕ್, ಹೆದ್ದಾರಿ, ಕೆಟ್ಟ ರಸ್ತೆ ಮೂರೂ ಇರಬೇಕು. ಟಿಟಿಯನ್ನು ಟ್ರಾಫಿಕ್ಕಿನಲ್ಲಿ ಆಮೆಯ ಹಾಗೆ ತೆವಳಿಸಿ. ಗೇರ್ ಒಂದರಿಂದ ಎರಡಕ್ಕೆ ಹೋಗುವಾಗ, ಡಿ-ಆರ್ ಬದಲಿಸುವಾಗ ಜಗ್ಗಿದರೆ ಮೆಕಟ್ರಾನಿಕ್ (ಗೇರ್‌ಬಾಕ್ಸನ್ನು ನಿಯಂತ್ರಿಸುವ ಭಾಗ) ಕಡೆಗೆ ಅನುಮಾನಪಡಿ. ಫಾರ್ಚೂನರ್‌ನಲ್ಲಿ ಏರು ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಆಮೇಲೆ ಮಣ್ಣಿನ ಮೈದಾನದಲ್ಲಿ ನಿಲ್ಲಿಸಿ ಲಾಕ್‌ಗೆ, ನಂತರ ಲೋಗೆ ಹಾಕಿ ಓಡಿಸಿ. ವರ್ಷಗಟ್ಟಲೆ ಮುಟ್ಟದ ಲಿವರ್ ಕೂಡಲೇ ಬೀಳುವುದಿಲ್ಲ. ಟಾರ್ ರಸ್ತೆಯಲ್ಲಿ ಮಾತ್ರ ಲಾಕ್ ಹಾಕಿ ಸ್ಟೀರಿಂಗ್ ತಿರುಗಿಸಬೇಡಿ, ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ.

ಮನೆಯವರನ್ನು ಕೂರಿಸಿಕೊಂಡೇ ಓಡಿಸಿ. ಟಿಟಿಯ ಹಿಂದಿನ ಸೀಟು ಮಕ್ಕಳಿಗೆ ಮಾತ್ರ. ಮುಂದಿನ ಸೀಟಿನಿಂದ ಏಳಲು ವಯಸ್ಸಾದವರಿಗೆ ಕೈ ಹಿಡಿಯಬೇಕು. ಫಾರ್ಚೂನರ್‌ಗೆ ಹತ್ತುವುದೇ ಕಷ್ಟ. ಅಕ್ಕನಿಗೆ ಮೊಣಕಾಲು ನೋವು, ಎರಡರಲ್ಲೂ ಅವಳು ಒಮ್ಮೆ ನಕ್ಕಳು, ಒಮ್ಮೆ ಮುಖ ಕಿವುಚಿದಳು.

ಓಡಿಸುವ ಸುಖದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾಸನ ದಾಟಿದ ಮೇಲೆ ರಸ್ತೆ ಏರತೊಡಗಿದಾಗ ಟಿಟಿ ತಿರುವಿಗೆ ಇಳಿಯುವ ರೀತಿ, ನೆಲಕ್ಕೆ ಅಂಟಿಕೊಂಡು ಹೊರಬರುವ ರೀತಿ ನನ್ನ ಮೈಯಲ್ಲಿ ಇನ್ನೂ ಇದೆ. ಫಾರ್ಚೂನರ್ ಅದೇ ತಿರುವಿನಲ್ಲಿ ವಾಲುತ್ತದೆ, ಬ್ರೇಕನ್ನು ಮೊದಲೇ ಒತ್ತಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ನೆರಳಿನ ಪಾರ್ಕಿಂಗ್ ಇದ್ದು, ದಾರಿ ಪೂರ್ತಿ ಟಾರ್ ಆಗಿದ್ದು, ಎತ್ತಿಟ್ಟ ದುಡ್ಡು ಇದ್ದರೆ ಟಿಟಿಯನ್ನೇ ತೆಗೆದುಕೊಳ್ಳಿ. ಒಂದೇ ಗಾಡಿ, ಮಣ್ಣಿನ ದಾರಿ, ಮಳೆಗಾಲದಲ್ಲೂ ತಪ್ಪದ ಓಡಾಟ ಎಂದಾದರೆ ಫಾರ್ಚೂನರ್. ಎರಡರ ನಡುವೆ ತೂಗುವವರಿಗೆ ನಾನು ಕೇಳುವುದು ಒಂದೇ: ರಾತ್ರಿ ಹನ್ನೊಂದಕ್ಕೆ ಗಾಡಿ ನಿಂತರೆ ಯಾರಿಗೆ ಫೋನ್ ಮಾಡುತ್ತೀರಿ? ಆ ಹೆಸರು ಗೊತ್ತಿಲ್ಲದೆ ಟಿಟಿ ಕೊಳ್ಳಬೇಡಿ. ಅದಕ್ಕೆ ಪೂರ್ತಿ ಗಾತ್ರದ ಸ್ಟೆಪ್ನಿಯೂ ಇಲ್ಲ.

ಹಂತ 7: ಕೈಬದಲಾಯಿಸುವಾಗ

ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ, ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಬೇರೆ ರಾಜ್ಯದ್ದಾದರೆ ಫಾರಂ 28. ಎರಡನೇ ಕೀ ಕೇಳಿ ತೆಗೆದುಕೊಳ್ಳಿ. ಟಿಟಿಗೆ ಹೊಸ ಕೀ ಮಾಡಿಸುವುದು ದುಬಾರಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಹೆಸರಿನದು. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಎಚ್‌ಎಸ್‌ಆರ್‌ಪಿ ಪ್ಲೇಟ್ ಇಲ್ಲದಿದ್ದರೆ ಮಾರುವವರೇ ಹಾಕಿಸಿ ಕೊಡಲಿ.

ಹುಡುಗ ಏನು ಮಾಡಿದ ಎಂದು ಕೇಳುತ್ತೀರಿ. ಬಿಳಿ ಟಿಟಿ ಎಲ್ಲ ಪರೀಕ್ಷೆಯಲ್ಲೂ ಪಾಸಾಯಿತು, ತೋಟದ ದಾರಿ ಪಾಸಾಗಲಿಲ್ಲ. ಬೆಳ್ಳಿ ಫಾರ್ಚೂನರ್ ಕಾಫಿ ಬಣ್ಣದ ಆಯಿಲ್‌ನಿಂದಾಗಿ ಬಿಟ್ಟುಹೋಯಿತು. ಎರಡು ತಿಂಗಳು ಕಾದು, ಹಾಸನದ ಒಬ್ಬರ ಹತ್ತಿರ 2010ರ ಗಾಡಿ ಸಿಕ್ಕಿತು: ಒಬ್ಬರೇ ಮಾಲೀಕರು, ಬೆಲ್ಟಿನ ಬಿಲ್ ಇತ್ತು, ಆರ್‌ಸಿ ನವೀಕರಣ ಅವರೇ ಮಾಡಿಸಿಕೊಟ್ಟರು. ಮೊದಲ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದುಮುಂದಿನ ಡಿಫರೆನ್ಶಿಯಲ್ ಎಲ್ಲದರ ಆಯಿಲ್ ಬದಲಿಸಿ, ಇಂಜೆಕ್ಟರ್ ಸೀಲು ಹೊಸದು ಹಾಕಿಸಿದ. ಅದಕ್ಕೂ ಮೊದಲು, ಗಾಡಿ ಮನೆಗೆ ಬಂದ ದಿನವೇ, ಎಡಗಡೆಗೆ ಅಗಲವಾದ ಫುಟ್‌ಬೋರ್ಡ್ ಹಾಕಿಸಿದ, ಅಕ್ಕನಿಗೆಂದು.